ಚನ್ನಬಸಪ್ಪನ ಹಗ್ಗ

ಭೂಸಂರಕ್ಷಣೆಯ ಕೆಲಸಕ್ಕೆ ಈಗ ಸೇರುವ ಹುಡುಗರು ಕೋಣೆಯಲ್ಲಿ ಕೂತು, ಆಕಾಶದಿಂದ ತೆಗೆದ ಚಿತ್ರ ನೋಡಿ ಹೊಲದ ಇಳಿಜಾರು ಹೇಳುತ್ತಾರೆ. ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ನಮ್ಮ ಕಾಲದಲ್ಲಿ ಮೂರು ಕಾಲಿನ ಮಟ್ಟದ ಯಂತ್ರವನ್ನು ಹೆಗಲ ಮೇಲೆ ಹೊತ್ತು ಹೊಲದಿಂದ ಹೊಲಕ್ಕೆ ತಿರುಗಬೇಕಿತ್ತು. ಸಂಜೆ ಮನೆಗೆ ಬಂದರೆ ಹೆಂಡತಿ ಹೆಗಲಿಗೆ ಎಣ್ಣೆ ಹಚ್ಚುತ್ತ, "ಯಂತ್ರ ನಿಮ್ಮನ್ನ ಹೊರೂದು ಯಾವಾಗ" ಎಂದು ಕೇಳುತ್ತಿದ್ದಳು. ಈಗ ಆ ಕಾಲ ಬಂದಿದೆ. ಆದರೂ ನನ್ನ ಹತ್ತಿರ ಸಲಹೆ ಕೇಳಲು ಬಂದವರಿಗೆ ನಾನು ಹೇಳುವುದು ಒಂದೇ: ಹೊಲ ಯಾವ ಕಡೆ ಬಾಗಿದೆ ಎಂದು ನೋಡಿದ ಮೇಲೆ, ಆ ಹೊಲ ಹೇಗೆ ಪಾಲಾಗಿದೆ ಎಂದು ಕೇಳಿ. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬನವಾಸಿ ಕಡೆಯ ಒಂದು ಹೊಲದಲ್ಲಿ ನಿಂತು ಕಲಿತೆ.

ನನ್ನ ಊರು ಸಿದ್ದಾಪುರ ತಾಲೂಕಿನ ತ್ಯಾಗಲಿ. ನನ್ನನ್ನು ನೇಮಿಸಿದ್ದು ಮುಂಬೈ ಸರಕಾರ. ಹಾಜರಾಗುವಷ್ಟರಲ್ಲಿ ರಾಜ್ಯಗಳ ಗಡಿ ಬದಲಾಗಿ ನಾವು ಮೈಸೂರಿನವರಾಗಿದ್ದೆವು. ಕಚೇರಿಯ ಹಳಬರು ಅರ್ಧ ಮರಾಠಿಯಲ್ಲಿ ಬೈಯುತ್ತಿದ್ದರು, ಹೊಸಬರು ಶುದ್ಧ ಕನ್ನಡದಲ್ಲಿ. ಊರಿನಲ್ಲಿ ನನ್ನ ಕೆಲಸ ಏನೆಂದು ತಿಳಿಸಿ ಹೇಳುವುದೇ ಕಷ್ಟವಾಯಿತು. ಸೋದರಮಾವ ಮಂಜಪ್ಪಯ್ಯ ಎಲೆಅಡಿಕೆಯ ಕವಳ ಹಾಕುತ್ತ ಕೇಳಿದರು:

"ಮಣ್ಣು ಕಾಯ್ಕಂಡು ಕೂಪಲೆ ಸರಕಾರ ನೌಕರಿ ಕೊಡ್ತಡ. ಮಣ್ಣು ಎಲ್ಲಿಗೆ ಹೋಗ್ತು ಮಾರಾಯ, ಅದಕ್ಕೆ ಎಂತ ಕಾಲಿದ್ದ?"

ಮಾವನನ್ನು ದೂರಿ ಪ್ರಯೋಜನವಿಲ್ಲ, ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಹಸುರು ಬಿಟ್ಟು ಬೇರೆ ನೋಡದವನಿಗೆ ನೆಲ ಸಾಯುತ್ತದೆ ಎಂದರೆ ಹೇಗೆ ನಂಬಿಕೆ ಬರಬೇಕು? ನಂಬಿಸಿದವರು ನನ್ನ ಮೊದಲ ಮೇಲಧಿಕಾರಿ ನಾಡಗೌಡ ಸಾಹೇಬರು. ಬಿಜಾಪುರದ ಕಡೆಯವರು, ದೊಡ್ಡ ದನಿ, ಹರಳೆಣ್ಣೆಯಲ್ಲಿ ನೆನೆಸಿದ ಚಪ್ಪಲಿ. ಮೊದಲ ದಿನವೇ ನನ್ನನ್ನು ಸಿರಸಿಯ ಪೂರ್ವದ ಗಡಿಗೆ, ಮಟ್ಟಿಕೊಪ್ಪ ಎಂಬ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಕಾಡು ಮುಗಿದು ಬಯಲು ಶುರುವಾಗುತ್ತದೆ. ಜೋಳ, ಶೇಂಗಾ, ಹತ್ತಿ. ದಿಣ್ಣೆಯ ಮೇಲೆ ನಿಂತು ನೋಡಿದರೆ ಕೆಳಗಿನ ಹಳ್ಳದವರೆಗೆ ಕೆಂಪು ನೆಲ, ಅಲ್ಲಲ್ಲಿ ಗೊರಚುಕಲ್ಲು ಮೇಲೆದ್ದು ಬೆಳ್ಳಗೆ ಕಾಣುತ್ತಿತ್ತು. ಸಾಹೇಬರು ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು.

"ಭಟ್ರ, ಮರಳುಗಾಡು ಅಂದ್ರ ಎಲ್ಲೋ ರಾಜಸ್ಥಾನದಾಗ ಅದ ಅಂತ ತಿಳಕೊಂಡೀರಿ. ಅದು ರೈತನ ಹೊಲದಾಗ ಹುಟ್ತದ, ಮೇಲಿನ ಮಣ್ಣು ಹೋದ ದಿವಸ. ಒಂದು ನೆನಪಿಡ್ರಿ. ಮಣ್ಣು ಕೆಳಗ ಇಳೀತಂದ್ರ ಇಳೀತು. ತಿರುಗಿ ಮೇಲ ಹತ್ತೂದಿಲ್ಲ. ನನ್ನ ಇಡೀ ನೌಕರಿಯೊಳಗ ಹತ್ತಿದ್ದು ನಾ ನೋಡಿಲ್ಲ."

ಆ ಮಾತನ್ನು ನಾನು ವೇದದಂತೆ ನಂಬಿದೆ. ಅದು ಸುಳ್ಳಾದದ್ದನ್ನು ಕಣ್ಣಾರೆ ನೋಡಿದ ದಿನವೂ ಬಂತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಆಗ ನಾವು ಮಾಡುತ್ತಿದ್ದದ್ದು ಸಮಪಾತಳಿ ಬದು. ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಮಣ್ಣಿನ ಏರಿ ಹಾಕುವುದು. ಓಡುವ ನೀರು ಅದಕ್ಕೆ ತಾಗಿ ನಿಂತು, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸಿ, ನೆಲದೊಳಗೆ ಇಂಗಬೇಕು. ಸಾಹೇಬರಿಗೆ ಬಿಜಾಪುರದ ಬದುವಿನ ಮೇಲೆ ಅಪಾರ ವಿಶ್ವಾಸ. ಅಲ್ಲಿ ಬೀಳುವ ಮಳೆಯನ್ನು ಹನಿ ಬಿಡದೆ ಹಿಡಿಯುವುದೇ ಧರ್ಮ. ಬದುವಿಗೆ ಕೋಡಿ, ಎಂದರೆ ಹೆಚ್ಚಾದ ನೀರು ಹೊರಗೆ ಹೋಗುವ ದಾರಿ, ಬೇಕಾಗಿಯೇ ಇಲ್ಲ. ಅದೇ ಮಾದರಿಯನ್ನು ಮಟ್ಟಿಕೊಪ್ಪದ ದಿಣ್ಣೆಯ ಮೇಲಿನ ಹೊಲಗಳಲ್ಲಿ ಆ ಬೇಸಿಗೆ ಕಟ್ಟಿಸಿದೆವು. ಮಟ್ಟವಾಗಿ, ಚೆಂದವಾಗಿ ಬಂದವು. ಊರವರು ನೋಡಿ ಹೋಗುತ್ತಿದ್ದರು.

ಮಟ್ಟಿಕೊಪ್ಪದ ಮಳೆ ಬಿಜಾಪುರದ ಮಳೆಯಲ್ಲ. ಆರಿದ್ರೆ ಹಿಡಿದದ್ದು ಪುನರ್ವಸುವಿಗೂ ಬಿಡಲಿಲ್ಲ. ಬದುಗಳ ಹಿಂದೆ ನೀರು ನಿಂತು ಜೋಳದ ಸಸಿ ಕೊಳೆಯಿತು. "ಸರಕಾರ ಹೊಲದಾಗ ಕೆರಿ ಕಟ್ಟಿಸೇತಿ, ಮೀನು ಯಾವಾಗ ಬಿಡ್ತೀರಿ ಭಟ್ರ" ಎಂದು ಜನ ನಗಾಡಿದರು. ಆಮೇಲೆ ಒಂದು ಮಧ್ಯಾಹ್ನ ಮೇಲಿನ ಬದು ಒಡೆಯಿತು, ಆ ನೀರಿನ ಹೊಡೆತಕ್ಕೆ ಅದರ ಕೆಳಗಿನದೂ ಒಡೆಯಿತು. ಸುದ್ದಿ ಮುಟ್ಟಿ ಸಾಹೇಬರು ಮೊಣಕಾಲುದ್ದ ಕೆಸರಿನಲ್ಲಿ ನಡೆದು ಬಂದರು. ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಒಡೆದ ಜಾಗವನ್ನು ನೋಡುತ್ತ ನಿಂತರು. ಅವರು ಬೈಯದೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಮ್ಮ ಕಡೆ ನೀರು ನಿಲ್ಲಸೂದು ಪುಣ್ಯ," ಎಂದರು ಕೊನೆಗೆ. "ಇಲ್ಲಿ ನೀರಿಗೆ ಸಾವಕಾಶ ಹೋಗಲಿಕ್ಕೆ ದಾರಿ ಕೊಡೂದು ಪುಣ್ಯ. ಮುಂದಿನ ವರ್ಷ ಬದುವಿಗೆ ಸ್ವಲ್ಪ ಓರೆ ಕೊಡ್ರಿ, ಕೊನೀಗೆ ಕೋಡಿ ಇಡ್ರಿ, ಕೋಡಿಗೆ ಕಲ್ಲು ಹಾಸ್ರಿ, ಏರಿಗೆ ಹುಲ್ಲು ಹಚ್ರಿ."

ಮುಂದೆ ಹಲವು ಅಧಿಕಾರಿಗಳ ಕೈಕೆಳಗೆ ದುಡಿದೆ. ಮಳೆಯಲ್ಲಿ ನೆನೆಯುತ್ತ ನಿಂತು ತನ್ನ ವಿದ್ಯೆಯನ್ನು ತಾನೇ ತಿದ್ದಿಕೊಂಡವರು ಇನ್ನೊಬ್ಬರು ಸಿಗಲಿಲ್ಲ.

ಆದರೆ ಒಡೆದ ನೀರು ಅಷ್ಟಕ್ಕೇ ನಿಂತಿರಲಿಲ್ಲ. ಕೆಳಗೆ ಗುರುಪಾದಪ್ಪ, ಈರಪ್ಪ ಎಂಬ ಅಣ್ಣತಮ್ಮಂದಿರ ಹೊಲವಿತ್ತು. ಇಬ್ಬರ ಪಾಲಿನ ನಡುವೆ ಗಡಿಯುದ್ದಕ್ಕೂ ಒಂದು ಕೊರಕಲು ಮೊದಲೇ ಬಿದ್ದಿತ್ತು. ಈ ನೀರು ಅದಕ್ಕೆ ನುಗ್ಗಿ, ಕೊರಕಲು ಒಂದೇ ಮಳೆಯಲ್ಲಿ ಆಳವಾಗಿ, ಉದ್ದವಾಗಿ ಬೆಳೆಯಿತು. ಮರುದಿನ ಬೆಳಗ್ಗೆ ಗುರುಪಾದಪ್ಪ ಬಂದು ದೂರು ಕೊಟ್ಟು ಹೋದ. ಅವನು ಹೋದ ಮೇಲೆ ಈರಪ್ಪ ಬಂದು ಅದೇ ದೂರು ಕೊಟ್ಟ. ಇಬ್ಬರೂ ಮಾತು ಬಿಟ್ಟು ಕೆಲವು ವರ್ಷಗಳಾಗಿದ್ದವು ಎಂದು ನನಗೆ ಆಗಲೇ ತಿಳಿದದ್ದು.

ಅವರ ಜಗಳದ ಮೂಲ ಅನ್ಯಾಯವಾಗಿದ್ದರೆ ಕೆಲಸ ಸುಲಭವಿತ್ತು. ಮೂಲ ನ್ಯಾಯವೇ ಆಗಿತ್ತು. ಅವರ ಅಪ್ಪ ಚನ್ನಬಸಪ್ಪ ಬದುಕಿರುವಾಗಲೇ ಹೊಲ ಹಂಚಿಕೊಟ್ಟಿದ್ದ. ದಿಣ್ಣೆಯ ಮೇಲಿನ ನೆಲ ಗೊರಚು, ನಡುವೆ ಕೆಂಪು, ಹಳ್ಳದ ದಡಕ್ಕೆ ಬಂದರೆ ಕಪ್ಪು ಬೆಣ್ಣೆಯಂಥ ಮಣ್ಣು. ಒಬ್ಬನಿಗೆ ಮೇಲಿನದು, ಒಬ್ಬನಿಗೆ ಕೆಳಗಿನದು ಕೊಟ್ಟರೆ ಮೋಸವಾಗುತ್ತದೆ ಎಂದು ಅವನು ದಿಣ್ಣೆಯ ತುದಿಯಿಂದ ಹಳ್ಳದವರೆಗೆ ನೇರವಾಗಿ ಹಗ್ಗ ಎಳೆದ. ಬಲಕ್ಕೆ ಹಿರಿಯವನದು, ಎಡಕ್ಕೆ ಕಿರಿಯವನದು. ಇಬ್ಬರಿಗೂ ಗೊರಚೂ ಬಂತು, ಬೆಣ್ಣೆಯೂ ಬಂತು. ಆ ಸೀಮೆಯಲ್ಲಿ ಪಾಲುಪಟ್ಟಿಯ ಮಾತು ಬಂದರೆ "ಚನ್ನಬಸಪ್ಪನ ಹಗ್ಗ ಹಿಡದಂಗ ಆಗಬೇಕು" ಎಂದು ಹಿರಿಯರು ಹೇಳುವಷ್ಟು ಅದು ಹೆಸರಾಯಿತು. ಸುತ್ತಲಿನ ಎಷ್ಟೋ ಮನೆಗಳು ಹಾಗೇ ಮಾಡಿದವು. ಸತ್ತ ಮೇಲೆ ತನ್ನನ್ನು ಆ ಗೆರೆಯ ಮೇಲೆಯೇ ಕೂರಿಸಬೇಕು, ಇಬ್ಬರಿಗೂ ಸಮನಾಗಿ ಇರುತ್ತೇನೆ ಎಂದು ಚನ್ನಬಸಪ್ಪ ಹೇಳಿದ್ದನಂತೆ. ಅವರಲ್ಲಿ ಸತ್ತವರನ್ನು ಕೂರಿಸಿ ಹೊಲದಲ್ಲೇ ಮಣ್ಣು ಮಾಡುವ ಪದ್ಧತಿ. ಹಾಗೆ ಇಳಿಜಾರಿನ ನಡುಮಧ್ಯೆ, ಗಡಿಯ ಮೇಲೆ, ಅವನ ಗದ್ದುಗೆ ಎದ್ದಿತ್ತು. ಕಲ್ಲು ಕಟ್ಟೆ, ಮೇಲೊಂದು ಪುಟ್ಟ ಲಿಂಗ, ಪಕ್ಕದಲ್ಲಿ ಬನ್ನಿಗಿಡ.

ಉದ್ದನೆಯ ಕಿರಿದಾದ ಪಟ್ಟಿಯಲ್ಲಿ ಎತ್ತು ಅಡ್ಡ ತಿರುಗಿಸಲು ಆಗುವುದಿಲ್ಲ. ಆದ್ದರಿಂದ ಇಬ್ಬರೂ ಮೇಲಿನಿಂದ ಕೆಳಕ್ಕೆ ನೇಗಿಲು ಹೊಡೆದರು. ಪ್ರತಿ ಸಾಲೂ ಒಂದೊಂದು ಕಾಲುವೆಯಾಯಿತು. ಗಡಿಗೆರೆಯನ್ನು ಇಬ್ಬರೂ ಮುಟ್ಟಲಿಲ್ಲ, ಅಪ್ಪ ಎಳೆದದ್ದಲ್ಲವೇ. ಅದರ ಎರಡೂ ಮಗ್ಗುಲಿಗೆ ಉಳುತ್ತ ಹೋದರು. ನೀರಿಗೆ ರಾಜಮಾರ್ಗ ಸಿಕ್ಕಿತು. ಕೊರಕಲು ಬಿದ್ದಾಗ ಅಣ್ಣನೆಂದ, ತಮ್ಮ ಗಡಿ ಒತ್ತಿ ಉತ್ತ. ತಮ್ಮನೆಂದ, ಅಣ್ಣ ಒತ್ತಿದ. ಮಾತು ನಿಂತಿತು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುತ್ತಾರಲ್ಲ, ಇಲ್ಲಿ ಮೂರನೆಯದು ಹಳ್ಳ.

ಹೊಸಬರು ತಿಳಿಯಬೇಕಾದ ಸಂಗತಿ ಒಂದುಂಟು. ನೀರು ಕೆಳಕ್ಕೆ ಹರಿಯುತ್ತದೆ, ಕೊರಕಲು ಮಾತ್ರ ಮೇಲಕ್ಕೆ ಬೆಳೆಯುತ್ತದೆ. ಅದರ ತಲೆ ಪ್ರತಿ ಮಳೆಗೂ ಕುಸಿದು, ಹಿಂದೆ ಹಿಂದೆ, ದಿಣ್ಣೆಯ ಕಡೆಗೆ ತಿನ್ನುತ್ತ ಹೋಗುತ್ತದೆ. ಹಳ್ಳದ ದಡದಲ್ಲಿ ಹುಟ್ಟಿದ್ದ ಕೊರಕಲು ಆ ಮಳೆಗಾಲ ಗದ್ದುಗೆಯ ಹತ್ತಿರಕ್ಕೆ ಬಂದಿತ್ತು. ನಾನು ನೋಡಲು ಹೋದಾಗ ಅವರ ತಾಯಿ ನೀಲವ್ವ ಕಟ್ಟೆಯ ಮೇಲೆ ಕೂತು ಕೊರಕಲಿನ ಬಾಯನ್ನೇ ನೋಡುತ್ತಿದ್ದಳು. ಎತ್ತರದ ಹೆಂಗಸು, ಹಣೆತುಂಬ ವಿಭೂತಿ.

"ಇದು ಇಲ್ಲೀತನಕ ಬರತೈತೇನ್ರಿ?" ಎಂದು ಕೇಳಿದಳು.

"ಹೀಗೇ ಬಿಟ್ಟರೆ ಎರಡು ಮಳೆಗಾಲಕ್ಕೆ ಬರುತ್ತದೆ ಅಜ್ಜಿ," ಎಂದೆ.

"ಬದುಕಿದಾಗ ಹೊಲದ ಸಲುವಾಗಿ ದುಡದ. ಈಗ ಎಲುಬು ಹಳ್ಳಕ್ಕ ಹೋಗೂದನ್ನ ನಾ ನೋಡಬೇಕೇನು," ಎಂದಳು. ದನಿಯಲ್ಲಿ ಅಳುವಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರ ಹೊಲಕ್ಕೆ ಹೊಸ ಮಾದರಿಯ ಬದುಗಳನ್ನು ಗುರುತಿಸಿದೆ. ಗೂಟ ಹೊಡೆಯುತ್ತ ಬಂದಾಗ ನಡುವಿನ ಗೆರೆ ಸರಿಯಾಗಿ ಗದ್ದುಗೆಗೇ ಬಂದು ಮುಟ್ಟಿತು. ನಾನು ಬೇಕೆಂದು ಹಿಡಿದದ್ದಲ್ಲ, ನೆಲದ ಮಟ್ಟವೇ ಹಾಗಿತ್ತು. ಬದು ಇಬ್ಬರ ಹೊಲಕ್ಕೂ ಅಡ್ಡವಾಗಿ ಹಾಯಬೇಕು, ಕೋಡಿ ಈರಪ್ಪನ ಹೊಲದ ಹೊರ ಅಂಚಿಗೆ ಬರಬೇಕು, ಮತ್ತು ಇಬ್ಬರೂ ಇನ್ನು ಮುಂದೆ ಅಡ್ಡ ಉಳಬೇಕು. ಅಡ್ಡ ಉಳಬೇಕಾದರೆ ಪಟ್ಟಿಗಳನ್ನು ಅದಲುಬದಲು ಮಾಡಿ, ಒಬ್ಬ ಬದುವಿನ ಮೇಲಿನ ಭಾಗ, ಒಬ್ಬ ಕೆಳಗಿನ ಭಾಗ ಇಟ್ಟುಕೊಳ್ಳಬೇಕು. ಬೇರೆ ಉಪಾಯ ನನಗೆ ತೋಚಲಿಲ್ಲ.

ಗುರುಪಾದಪ್ಪ ಕೇಳಿಸಿಕೊಂಡು ಟೊಪ್ಪಿಗೆ ಸರಿಪಡಿಸಿಕೊಂಡ. "ಅಪ್ಪ ಎಳದ ಗೆರಿ ಅಳಸಂತೀರೇನ್ರಿ? ಅಂವ ಇನ್ನಾ ಅಲ್ಲೇ ಕುಂತಾನ."

ಈರಪ್ಪನ ಉತ್ತರ ಬೇರೆ. "ಕೋಡಿ ನನ್ನ ಕಡೆ, ನೀರು ನನ್ನ ಕಡೆ. ಅಣ್ಣಂದೆಲ್ಲಾ ನಾ ಹೊರಬೇಕ? ಬದು ಬ್ಯಾಡ್ರಿ ನನಗ."

ಎಷ್ಟು ಹೇಳಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆ ವರ್ಷ ಬದು ಹಾಕಲಾಗಲಿಲ್ಲ. ಆದರೆ ನನ್ನ ಗೂಟಗಳನ್ನು ಯಾರೂ ಕೀಳಲಿಲ್ಲ. ಸರಕಾರದ ಗೂಟವೆಂಬ ಹೆದರಿಕೆಯೋ, ಗದ್ದುಗೆಯ ಸಾಲಿನಲ್ಲಿದೆ ಎಂಬ ಭಕ್ತಿಯೋ, ಇಬ್ಬರೂ ಕೂರಿಗೆಯನ್ನು ಎತ್ತಿ ದಾಟಿಸಿ ಬಿತ್ತಿದ್ದರು.

ಆ ಮಳೆಗಾಲದಲ್ಲಿ ರಜೆಗೆ ತ್ಯಾಗಲಿಗೆ ಹೋದಾಗ ಮಾವನೊಡನೆ, ಅವರ ಅಡಿಕೆ ತೋಟದ ಮೇಲಿರುವ ಸೊಪ್ಪಿನ ಬೆಟ್ಟ ಹತ್ತಿದೆ. ವರ್ಷಾನುಗಟ್ಟಲೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದು, ದರಕು ಎನ್ನುವ ಒಣ ಎಲೆ ಗುಡಿಸಿ, ಬೆಟ್ಟದ ಮೈ ಬೋಳಾಗಿತ್ತು. ಕಲ್ಲು ಹಲ್ಲು ಕಿರಿಯುತ್ತಿತ್ತು. ಚಿಕ್ಕಂದಿನಿಂದ ಓಡಾಡಿದ ಜಾಗ; ಮಟ್ಟಿಕೊಪ್ಪ ನೋಡಿ ಬಂದ ಕಣ್ಣಿಗೆ ಈಗ ಮಾತ್ರ ಕಂಡಿತು. ತೋರಿಸಿದೆ. ಮಾವ ನಕ್ಕರು.

"ಮಣ್ಣು ಹೋತು ಹೇಳ್ತ್ಯಲ, ಎಲ್ಲಿಗೆ ಹೋತು? ನಮ್ಮನೆ ಬೆಟ್ಟದ್ದು ನಮ್ಮನೆ ತೋಟಕ್ಕೇ ಬಂತು. ಎಂತದೂ ಹಾಳಾಯ್ದಿಲ್ಲೆ."

ಮೇಲೂ ಕೆಳಗೂ ಒಬ್ಬನದೇ ಆದರೆ ಇಳಿದ ಮಣ್ಣಿನ ಮಾತೇ ಏಳುವುದಿಲ್ಲ. ಮಟ್ಟಿಕೊಪ್ಪದಲ್ಲಿ ನಾನು ಹೇಳಿದಂತೆ ಪಾಲಾದರೆ ಮೇಲಿನವನ ಮಣ್ಣು ಕೆಳಗಿನವನ ಹೊಲಕ್ಕೆ ಇಳಿಯುತ್ತದೆ. ಬದು ಎಷ್ಟು ಗಟ್ಟಿಯಿದ್ದರೂ ಕೋಡಿಯ ನೀರಿನಲ್ಲಿ ಸ್ವಲ್ಪವಾದರೂ ಹೋಗುತ್ತಲೇ ಇರುತ್ತದೆ. ಚನ್ನಬಸಪ್ಪ ಹೆದರಿದ್ದು ಅದಕ್ಕೇ ಇರಬೇಕು ಎಂದು ಆ ದಿನ ಹೊಳೆಯಿತು. ತಿರುಗಿ ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಸೀಗಿಹುಣ್ಣಿಮೆಗೆ ನೀಲವ್ವ ಕರೆಕಳಿಸಿದಳು. ಅಂದು ಅಲ್ಲಿಯವರು ಹೊಲಕ್ಕೆ ಬುತ್ತಿ ಒಯ್ದು ಭೂಮಿತಾಯಿಗೆ ಎಡೆ ಇಡುತ್ತಾರೆ. ಕಡುಬು, ಅನ್ನ, ಪಲ್ಯಗಳನ್ನು ಬುಟ್ಟಿಯಲ್ಲಿ ಕಲಸಿ, ಹೊಲದ ಅಂಚಿನುದ್ದಕ್ಕೂ ತಿರುಗುತ್ತ ಬೆಳೆಗೆ ಎರಚುತ್ತಾರೆ. ಚರಗ ಚೆಲ್ಲುವುದು ಎನ್ನುತ್ತಾರೆ. ತಮ್ಮ ಹೊಲ ಎಲ್ಲಿಂದ ಎಲ್ಲಿಯವರೆಗೆ ಎನ್ನುವುದು ಚರಗ ಬಿದ್ದ ದಾರಿಯಿಂದಲೇ ಊರಿಗೆ ತಿಳಿಯುತ್ತದೆ. ಪಾಲಾದಾಗಿನಿಂದ ಅಣ್ಣ ತನ್ನ ಪಟ್ಟಿಯ ಸುತ್ತ, ತಮ್ಮ ತನ್ನ ಪಟ್ಟಿಯ ಸುತ್ತ ಚೆಲ್ಲುತ್ತಿದ್ದರು. ಗದ್ದುಗೆಯ ಆಚೆ ಒಂದು ಪಂಕ್ತಿ, ಈಚೆ ಒಂದು ಪಂಕ್ತಿ. ನಡುವೆ ಕೂತ ನೀಲವ್ವನಿಗೆ ಎರಡು ಕಡೆಯಿಂದ ಊಟ ಬರುತ್ತಿತ್ತು.

ನನಗೆ ಅವಳು ಶೇಂಗಾ, ಬೆಲ್ಲ, ಸೌತೆಕಾಯಿ ತೆಗೆದಿಟ್ಟಿದ್ದಳು, ಭಟ್ಟರು ಬೇರೆಯವರು ಬೇಯಿಸಿದ್ದನ್ನು ತಿನ್ನುವುದಿಲ್ಲ ಎಂದು. ಹಸಿವಾಗಿತ್ತು. ಮಾವನಿಗೆ ಹೇಳಬಾರದೆಂದು ನಿಶ್ಚಯಿಸಿ ರೊಟ್ಟಿಯನ್ನೇ ಕೇಳಿದೆ. ಅವಳು ನಕ್ಕು ಎರಡು ಹಾಕಿದಳು.

ಚರಗಕ್ಕೆ ಏಳುವ ಹೊತ್ತಿಗೆ ಅವಳು ಹಿರಿಯ ಸೊಸೆಯ ಕೈಯಿಂದ ಬುಟ್ಟಿ ತೆಗೆದುಕೊಂಡಳು. ಕಿರಿಯ ಸೊಸೆಯ ಬುಟ್ಟಿಯನ್ನೂ ತರಿಸಿ ಅದಕ್ಕೇ ಸುರಿದುಕೊಂಡಳು. ಗುರುಪಾದಪ್ಪನ ಹೊಲದ ಹೊರ ಅಂಚಿನಲ್ಲಿ, ನಡುವಿನ ಗೆರೆಗೆ ನಾನು ಹೊಡೆದ ಮೊದಲ ಗೂಟದ ಹತ್ತಿರ ಹೋಗಿ ನಿಂತಳು. ಬಿತ್ತದೆ ಬಿಟ್ಟಿದ್ದ ಆ ಸಾಲಿನಲ್ಲಿ ಹುಲ್ಲು ಬೆಳೆದು, ಜೋಳದ ನಡುವೆ ಬೈತಲೆ ತೆಗೆದ ಹಾಗೆ ಕಾಣುತ್ತಿತ್ತು. ಅದರಲ್ಲೇ ನಡೆದಳು, ಎರಡೂ ಕಡೆಗೆ ಎರಚುತ್ತ. ಗದ್ದುಗೆಯ ಹತ್ತಿರ ಬಂದು, ಒಂದು ಹಿಡಿ ಅಲ್ಲಿಟ್ಟು, ನಿಲ್ಲದೆ ಈರಪ್ಪನ ಹೊಲವನ್ನೂ ಹಾಗೇ ದಾಟಿ ಕೊನೆಯ ಗೂಟ ಮುಟ್ಟಿದಳು. ಮಾತು ಬಿಟ್ಟ ಇಬ್ಬರೂ ಒಂದೇ ಕಡೆ ನೋಡುತ್ತ ನಿಂತಿದ್ದರು. ತಿರುಗಿ ಬಂದು ಬುಟ್ಟಿಯನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು.

"ನಿಮ್ಮಪ್ಪ ಹಗ್ಗ ಹಿಡಿಯೂವಾಗ ಮಕ್ಕಳ ಮಾರಿ ನೋಡಿದ. ನೆಲದ ಮಾರಿ ನೋಡಲಿಲ್ಲ. ತಿಳೀದ ಮಾಡಿದ, ಅಂವಗ ಯಾರೂ ಅನ್ನಬ್ಯಾಡ್ರಿ. ನಾ ಈಗ ಚರಗಾ ಚೆಲ್ಲೇನಿ. ಮ್ಯಾಲೊಂದು ಪಾಲು, ಕೆಳಗೊಂದು ಪಾಲು. ಯಾರಿಗ್ಯಾವುದು ನೀವ ಹೇಳ್ರಿ."

ಮೇಲಿನದು ಏನೆಂದು ಅಲ್ಲಿದ್ದ ಮಕ್ಕಳಿಗೂ ಗೊತ್ತು.

ಗುರುಪಾದಪ್ಪ ತಾಯಿಯನ್ನು ನೋಡಿ ಹೇಳಿದ: "ಮ್ಯಾಲಿಂದು ನನಗಿರ್ಲಿ."

ಈರಪ್ಪ ಬೇರೆ ಕಡೆ ಮುಖ ತಿರುಗಿಸಿದ. ಸಂಜೆ ದಾರಿಯಲ್ಲಿ ಸಿಕ್ಕಾಗ ನನ್ನ ಹತ್ತಿರ ಅಂದ: "ದೊಡ್ಡಸ್ತನ ತೋರಸ್ತಾನ್ರಿ ಅಂವ. ನಾಳೆ ಊರೆಲ್ಲಾ ತಮ್ಮ ಬೆಣ್ಣಿ ತಿಂದ ಅಂತೈತಿ."

ಸುಗ್ಗಿ ಮುಗಿದ ಮೇಲೆ ಬದುಗಳನ್ನು ಹಾಕಿಸಿದೆವು. ಕೊರಕಲಿನ ಬಾಯಿಗೆ ಕಲ್ಲು ತುಂಬಿದೆವು. ನಡುವಿನ ಏರಿ ಎರಡು ಕಡೆಯಿಂದ ಬಂದು ಗದ್ದುಗೆಯನ್ನು ನಡುವೆ ಸೇರಿಸಿಕೊಂಡಿತು. ನಾಡಗೌಡ ಸಾಹೇಬರು ಕೋಡಿಯ ಕಲ್ಲುಗಳನ್ನು ಒಂದೊಂದಾಗಿ ಒದ್ದು ನೋಡಿ, ಗದ್ದುಗೆಗೆ ಕೈಮುಗಿದು, ಅದೇ ವಾರ ವರ್ಗವಾಗಿ ಹೋದರು. ಆ ಮಳೆಗಾಲದಲ್ಲಿ ನೀರು ಸಾವಕಾಶ ಹೋಯಿತು. ಕೊರಕಲು ಬಾಯಿ ಮುಚ್ಚಿಕೊಂಡು ನಿಂತಿತು. ಕಚೇರಿಯಲ್ಲಿ ನನ್ನನ್ನು ಹೊಗಳಿದರು.

ಹೊಗಳಿಕೆ ನನಗೆ ಹಿತವಾಗಲಿಲ್ಲ. ಗುರುಪಾದಪ್ಪನ ಗೊರಚಿನಲ್ಲಿ ಜೋಳ ಮೊಣಕಾಲಿಗೆ ಬಂದು ನಿಂತರೆ, ಈರಪ್ಪನ ಜೋಳದಲ್ಲಿ ಎತ್ತು ಹೊಕ್ಕರೆ ಕಾಣುತ್ತಿರಲಿಲ್ಲ. ಎರಡನೆಯ ವರ್ಷವೂ ಅದೇ. ನಾನು ಹೋದರೆ ಗುರುಪಾದಪ್ಪ ಕೂರಲು ಹೇಳುವುದನ್ನು ಬಿಟ್ಟ. ನೆಲ ಉಳಿಸಲು ಹೋಗಿ, ಒಬ್ಬ ಅಪ್ಪ ಜೀವಮಾನ ಯೋಚಿಸಿ ಮಾಡಿದ ನ್ಯಾಯವನ್ನು ಕೆಡಿಸಿದೆನೇನೋ ಎಂಬ ಸಂಕಟ ನನ್ನನ್ನು ಬಿಡಲಿಲ್ಲ. ಯಲ್ಲಾಪುರಕ್ಕೆ, ಇಡಗುಂದಿಯ ಕಡೆ ಗುಡ್ಡದ ಕೆಲಸಕ್ಕೆ, ವರ್ಗವಾದಾಗ ಒಂದು ರೀತಿಯಲ್ಲಿ ತಪ್ಪಿಸಿಕೊಂಡ ಹಾಗಾಯಿತು.

ಹೊರಡುವ ಮುಂಚೆ ಬದುವಿನ ಹುಲ್ಲು ನೋಡಲು ಮಟ್ಟಿಕೊಪ್ಪಕ್ಕೆ ಹೋದೆ. ಬೇಸಿಗೆಯ ಬೆಳಗು. ಹಳ್ಳದ ದಡದಿಂದ ಒಂದು ಗಾಡಿ ಹೊಲದ ಅಂಚು ಹಿಡಿದು ಮೇಲಕ್ಕೆ ಬರುತ್ತಿತ್ತು. ಈರಪ್ಪ ಎತ್ತಿನ ಪಕ್ಕದಲ್ಲಿ ನಡೆಯುತ್ತಿದ್ದ. ಗಾಡಿಯ ತುಂಬ ಕಪ್ಪು ಗೋಡುಮಣ್ಣು, ಮಳೆನೀರು ಹೊತ್ತು ತಂದು ಕೆಳಗಿನ ಬದುವಿನ ಹಿಂದೆ ಇಳಿಸಿದ್ದು. ಗದ್ದುಗೆ ದಾಟಿ, ಅಣ್ಣನ ಗೊರಚಿನ ಮೇಲೆ ನಿಲ್ಲಿಸಿ, ಹಿಂದಿನ ಹಲಗೆ ತೆಗೆದು ಸುರಿದ. ಅಲ್ಲಿ ಮೊದಲೇ ಅಂಥ ಗುಡ್ಡೆಗಳು ಬಿದ್ದಿದ್ದವು.

"ಇದೇನು ಈರಪ್ಪ?" ಎಂದೆ.

"ಅಣ್ಣನ ಮಣ್ಣು," ಎಂದ, ಹಣೆ ಒರೆಸಿಕೊಳ್ಳುತ್ತ. "ಮಳೀ ತಂದು ನನ್ನ ಹೊಲದಾಗ ಇಟ್ಟೈತಿ. ಮಂದೀದು ಇಟಗೊಂಡ್ರ ಹೊಟ್ಟಿಗೆ ಹತ್ತತೈತೇನ್ರಿ?"

ನನ್ನ ಕಣ್ಣು ತುಂಬಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಸಾಹೇಬರು ಇದ್ದಿದ್ದರೆ ಕೈಹಿಡಿದು ಕರೆತಂದು ತೋರಿಸುತ್ತಿದ್ದೆ.

ಗುರುಪಾದಪ್ಪ ಬನ್ನಿಗಿಡದ ಕೆಳಗೆ ನಿಂತು ನೋಡುತ್ತಿದ್ದ. ಎಷ್ಟು ಹೊತ್ತಿನಿಂದಲೋ ತಿಳಿಯದು. ಹತ್ತಿ ಬಂದು, ಸನಿಕೆ ತೆಗೆದುಕೊಂಡು, ಹೊಸ ಗುಡ್ಡೆಯನ್ನು ಹರವಲು ಶುರುಮಾಡಿದ. ಈರಪ್ಪ ಖಾಲಿ ಗಾಡಿ ತಿರುಗಿಸಿದ. ಏರು ಹತ್ತಿ ಬಂದ ಎತ್ತುಗಳ ಬಾಯಲ್ಲಿ ನೊರೆ ಬಂದಿತ್ತು. ಗುರುಪಾದಪ್ಪ ಸನಿಕೆ ಬಿಟ್ಟು, ಗಿಡಕ್ಕೆ ಕಟ್ಟಿದ್ದ ತನ್ನ ಎತ್ತುಗಳನ್ನು ಬಿಚ್ಚಿಕೊಂಡು ಬಂದು ಗಾಡಿಯ ಮುಂದೆ ನಿಂತ.

"ನಿನ್ನ ಎತ್ತು ದಣದಾವ," ಎಂದ. "ನನ್ನವ ಹೂಡು."

ಈರಪ್ಪ ತನ್ನ ಎತ್ತು ಬಿಚ್ಚಿ, ನೊಗ ಎತ್ತಿ ಹಿಡಿದ.